ತಂಗಿಗೆ ಕಟ್ಟಿದ ಮಡಿಲಕ್ಕಿ

ನನ್ನ ತಂಗಿ ಪರದೇಶಕ್ಕೆ ಹೋಗಿ ನಾಲ್ಕನೆಯ ದಿನಕ್ಕೆ ವಾಪಸು ಬಂದಳು. ಯಾಕೆ ಬಂದಳು ಎಂಬುದಕ್ಕೆ ನಮ್ಮ ಕಡೆಯ ಜನ ಹತ್ತು ಕಾರಣ ಹೇಳುತ್ತಾರೆ. ಏಜೆಂಟ್ ಮೋಸ ಮಾಡಿದ ಎನ್ನುವವರಿದ್ದಾರೆ. ಅವಳಿಗೆ ಇಂಗ್ಲಿಷ್ ಬರಲಿಲ್ಲ ಎನ್ನುವವರಿದ್ದಾರೆ. ಗಂಡನನ್ನು ತಿಂದುಕೊಂಡವಳ ಹಣೆಯಲ್ಲಿ ಇನ್ನೇನು ಬರೆದಿರುತ್ತದೆ ಎಂದವರೂ ಇದ್ದಾರೆ. ಮೊದಮೊದಲು ಇವರಿಗೆಲ್ಲ ನಾನು ಎದುರು ಜವಾಬು ಕೊಟ್ಟು ಜಗಳ ಕಾಯುತ್ತಿದ್ದೆ. ಈಗ ಬಾಯಿ ಮುಚ್ಚಿಕೊಂಡಿರುತ್ತೇನೆ. ಅವಳು ವಾಪಸು ಬರುವಂತೆ ಮಾಡಿದವಳು ನಾನೇ. ಅದಕ್ಕೆ ಐದು ಹಿಡಿ ಅಕ್ಕಿ, ಒಂದು ತೆಂಗಿನಕಾಯಿ, ನಾಲ್ಕು ಅರಿಶಿನದ ಕೊಂಬು ಸಾಕಾಯಿತು.

ನಮ್ಮ ತವರು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಹಂಪಾಪುರದಿಂದ ಒಳಕ್ಕೆ. ನನ್ನನ್ನು ಕೊಟ್ಟದ್ದು ಕೆ.ಆರ್. ನಗರದ ಕಡೆಗೆ, ನಾಲೆ ನೀರಿನಲ್ಲಿ ಭತ್ತ ಬೆಳೆಯುವ ಊರಿಗೆ. ಅಲ್ಲಿ ಅಂಗನವಾಡಿ ಟೀಚರಾಗಿ ನನ್ನ ತಲೆ ಬೆಳ್ಳಗಾಯಿತು. ನನಗಿಂತ ಏಳು ವರ್ಷ ಚಿಕ್ಕವಳಾದ ತಂಗಿಯನ್ನು ಕೊಟ್ಟದ್ದು ಪಿರಿಯಾಪಟ್ಟಣದ ಕಡೆಗೆ, ಹೊಗೆಸೊಪ್ಪು ಬೆಳೆಯುವ ಮನೆಗೆ. ಮದುವೆಯಾದಾಗ ಅವಳಿಗೆ ಹತ್ತೊಂಬತ್ತು. ಎರಡು ವರ್ಷ ತುಂಬುವುದರೊಳಗೆ ಗಂಡ ಬೈಕಿನಿಂದ ಬಿದ್ದು ತೀರಿಕೊಂಡ. ಮಕ್ಕಳಿರಲಿಲ್ಲ. ಒಂದು ಟ್ರಂಕು ಹಿಡಿದುಕೊಂಡು ಅವ್ವನ ಹತ್ತಿರಕ್ಕೆ ಬಂದುಬಿಟ್ಟಳು.

ನಮ್ಮ ಕಡೆ ಹೆಣ್ಣುಮಗಳು ತವರಿನಿಂದ ಹೊರಡುವಾಗ ಬರಿಮಡಿಲಲ್ಲಿ ಹೋಗಬಾರದು. ಗಂಡನ ಮನೆಗಾಗಲಿ, ದೂರದ ಊರಿಗಾಗಲಿ, ಅವಳನ್ನು ಮಣೆಯ ಮೇಲೆ ಕೂರಿಸಿ ಸೆರಗು ಒಡ್ಡಿಸುತ್ತಾರೆ. ಐದು ಹಿಡಿ ಅಕ್ಕಿ, ತೆಂಗಿನಕಾಯಿ, ಅರಿಶಿನದ ಕೊಂಬು, ಒಂದಚ್ಚು ಬೆಲ್ಲ, ಎಲೆ ಅಡಿಕೆ, ಬಳೆ, ರವಿಕೆ ಕಣ ಹಾಕಿ ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸುತ್ತಾರೆ. ಅದು ಮಡಿಲಕ್ಕಿ. ನಿನಗೊಂದು ಮನೆ ಹಿಂದೆ ಇದೆ, ಹೋದ ಕಡೆ ನಿನ್ನ ಮಡಿಲು ತುಂಬಿರಲಿ ಎಂಬ ಮಾತನ್ನು ಬಾಯಲ್ಲಿ ಹೇಳದೆ ಕೈಯಲ್ಲಿ ಹೇಳುವ ರೀತಿ. ಹೋದ ಮನೆಯಲ್ಲಿ ಆ ಅಕ್ಕಿಯಿಂದ ಪಾಯಸ ಮಾಡಿ ಉಣ್ಣುತ್ತಾರೆ. ಗಂಡ ಹೋದವಳಿಗೆ ಮಾತ್ರ ಇದಿಲ್ಲ.

ನಾನು ತವರಿಗೆ ಹೋಗಿ ಹೊರಡುವಾಗಲೆಲ್ಲ ಅವ್ವ ನನ್ನ ಮಡಿಲು ತುಂಬುತ್ತಿದ್ದಳು. ಅಕ್ಕಿಯನ್ನು ಆರಿಸಿ ಮೊರದಲ್ಲಿ ಹಾಕಿ ಕೊಡುತ್ತಿದ್ದವಳು ತಂಗಿ. ಮೊರವನ್ನು ಹೊಸಲಿನ ಹತ್ತಿರ ಇಟ್ಟು ಅಡುಗೆಮನೆಯ ಬಾಗಿಲ ಹಿಂದಕ್ಕೆ ಸರಿದು ನಿಲ್ಲುತ್ತಿದ್ದಳು. ಯಾರೂ ಅವಳಿಗೆ ಸರಿದು ನಿಲ್ಲು ಎಂದಿರಲಿಲ್ಲ. ತಾನೇ ಸರಿಯುತ್ತಿದ್ದಳು. ಬಾಗಿಲ ಸಂದಿಯಲ್ಲಿ ಅವಳ ಕೈಬೆರಳು ಕಾಣುತ್ತಿತ್ತು. ನಾನು ಅದನ್ನು ನೋಡಿಯೂ ಸೆರಗು ಒಡ್ಡಿಕೊಂಡು ಕೂರುತ್ತಿದ್ದೆ. ಒಂದು ಸಲ ಅವ್ವನಿಗೆ ಕೇಳಿದ್ದೆ, ಇವಳಿಗೂ ಒಂದು ಹಿಡಿ ಹಾಕಿದರೆ ಏನಾಗುತ್ತದೆ ಎಂದು. ಅವ್ವ ನನ್ನ ಮುಖವನ್ನೇ ನೋಡದೆ, “ಅಂಗೆಲ್ಲ ಮಾಡಂಗಿಲ್ಲ ಕಣವ್ವ. ಜನ ಏನಂದಾರು,” ಎಂದಳು. ನಾನೂ ಸೆರಗು ಒಡ್ಡಿದೆ. ಹದಿನಾರು ವರ್ಷ ಹೀಗೇ ನಡೆಯಿತು.

ತಂಗಿ ಕೈಕಟ್ಟಿ ಕೂರಲಿಲ್ಲ. ಮೈಸೂರಿನಲ್ಲಿ ನರ್ಸಿಂಗ್ ಓದಿ ಹುಣಸೂರಿನ ಒಂದು ನರ್ಸಿಂಗ್ ಹೋಮಿಗೆ ಸೇರಿಕೊಂಡಳು. ಕೆಲಸದಲ್ಲಿ ಎತ್ತಿದ ಕೈ. ವಯಸ್ಸಾದವರನ್ನು ಮಗ್ಗುಲು ಬದಲಿಸಿ ಮಲಗಿಸುವುದರಲ್ಲಿ, ಬೆನ್ನು ಹುಣ್ಣಾಗದಂತೆ ನೋಡಿಕೊಳ್ಳುವುದರಲ್ಲಿ ಅವಳ ಸಮ ಇಲ್ಲ ಎಂದು ಡಾಕ್ಟರೇ ಹೇಳುತ್ತಿದ್ದರಂತೆ. ಆದರೆ ಅದೇ ನರ್ಸಿಂಗ್ ಹೋಮಿನಲ್ಲಿ ಹೆರಿಗೆಯಾಗಿ ಮನೆಗೆ ಹೊರಟ ಬಾಣಂತಿಯ ಎದುರು ಇವಳು ಬಂದರೆ, ಕರೆದೊಯ್ಯಲು ಬಂದ ಹೆಂಗಸರು ಎರಡು ನಿಮಿಷ ನಿಂತು ಹೊರಡುತ್ತಿದ್ದರು. ಅದೇ ಬಾಣಂತಿಯ ಮಲಮೂತ್ರ ಬಾಚಿದ್ದು ಇವಳ ಕೈ. ಅದಕ್ಕೆ ಯಾವ ಮೈಲಿಗೆಯೂ ಇರಲಿಲ್ಲ.

ಇವಳ ಜೊತೆ ಓದಿದವಳೊಬ್ಬಳು ಆ ದೇಶಕ್ಕೆ ಹೋಗಿ ವೃದ್ಧರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸಕ್ಕಿದ್ದಳು. ದೇಶದ ಹೆಸರನ್ನು ನಾನು ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ‘ಆ ಊರು’ ಎಂದೇ ಹೆಸರು. ಗೆಳತಿ ವಿಡಿಯೋ ಕಾಲ್ ಮಾಡಿದಾಗ ನಾನೂ ಇಣುಕಿ ನೋಡುತ್ತಿದ್ದೆ. ಅಂಗಡಿಯೊಳಗೆ ತಳ್ಳುಗಾಡಿ ತಳ್ಳಿಕೊಂಡು ಹೋಗುತ್ತ ತೋರಿಸುತ್ತಿದ್ದಳು. ನಮ್ಮ ಸಂತೆಮಾಳದಷ್ಟು ದೊಡ್ಡ ಅಂಗಡಿ, ಅದರಲ್ಲಿ ಬ್ರೆಡ್ಡಿಗೇ ಒಂದು ಓಣಿ. ಗಾಡಿ ತುಂಬ ಪೇರಿಸಿಕೊಂಡ ಜನ ವಾರಕ್ಕೊಮ್ಮೆ ಬಂದು ಹೊತ್ತುಕೊಂಡು ಹೋಗಿ, ಮುಂದಿನ ವಾರ ಅದರಲ್ಲಿ ಅರ್ಧವನ್ನು ತೊಟ್ಟಿಗೆ ಸುರಿದು ಮತ್ತೆ ಬರುತ್ತಾರೆ ಎಂದಳು. “ಕೆಟ್ಟೋಗಿರ್ತದಾ?” ಎಂದು ಕೇಳಿದೆ. “ಇಲ್ಲ ಕಣಕ್ಕ, ತಾರೀಕು ದಾಟಿರ್ತದೆ,” ಎಂದಳು. ಮೊಟ್ಟೆಯ ಒಂದು ಚೂರು ನೆಲಕ್ಕೆ ಬಿದ್ದರೂ ಹೆಕ್ಕಿ ಊದಿ ತಿನ್ನುವ ಮಕ್ಕಳ ನಡುವೆ ಇರುವವಳು ನಾನು. ಆ ಮಾತು ನನಗೆ ಬಹಳ ದಿನ ಅರಗಲಿಲ್ಲ.

ತಂಗಿಗೆ ಅಂಗಡಿ, ಕಾರು, ಹಿಮ ಯಾವುದೂ ಬೇಕಿರಲಿಲ್ಲ. ಯಾಕೆ ಹೋಗಬೇಕು ನಿನಗೆ ಎಂದು ನಾನು ಗದರಿಸಿ ಕೇಳಿದಾಗ ಅವಳು ಕೊಟ್ಟ ಉತ್ತರ ಇದು.

“ಅಲ್ಲಿ ನಾನ್ ಎದುರ್ಗೆ ಬಂದ್ರೆ ಯಾರೂ ನಿಂತ್ಕಳಕಿಲ್ವಂತೆ ಕಣಕ್ಕ. ಯಾರ್ ಎಂಡ್ತಿ ಆಗಿದ್ದೆ, ಏನಾಯ್ತು ಅಂತ ಯಾರ್ಗೂ ಬೇಕಿಲ್ವಂತೆ. ಒಂದಷ್ಟ್ ವರ್ಸ ಅಂಗೆ ಬದುಕ್ಬೇಕು ಅಂತ ಆಸೆ.”

ಇಷ್ಟಕ್ಕಾಗಿ ಅವಳು ಐದು ವರ್ಷ ಒದ್ದಾಡಿದಳು. ಹೆಗ್ಗಡದೇವನಕೋಟೆಯಿಂದ ಹುಣಸೂರಿಗೆ ಹೋಗುವ ಬಸ್ಸಿನಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಇಂಗ್ಲಿಷ್ ಕೇಳುತ್ತ, ತುಟಿ ಅಲ್ಲಾಡಿಸುತ್ತ ಕೂತಿರುತ್ತಿದ್ದಳು. ತಲೆ ಕೆಟ್ಟಿದೆ ಎಂದುಕೊಂಡವರುಂಟು. ಇಂಗ್ಲಿಷ್ ಪರೀಕ್ಷೆಯಲ್ಲಿ ಎರಡು ಸಲ ಬಿದ್ದು ಮೂರನೆಯ ಸಲ ಪಾಸಾದಳು. ಈ ನಡುವೆ ಅವ್ವ ಹೋದಳು. ಅವ್ವನ ಬೆನ್ನಿಗೆ ಒಂದು ಹುಣ್ಣೂ ಆಗದಂತೆ ಎಂಟು ತಿಂಗಳು ನೋಡಿಕೊಂಡು, ಕಾರ್ಯ ಮುಗಿಸಿ, ಮಾರನೆಯ ತಿಂಗಳು ಅರ್ಜಿ ಹಾಕಿದಳು. ವೀಸಾ ಬಂತು. ಆಗ ಅವಳಿಗೆ ಮೂವತ್ತೇಳು.

ಹೊರಡುವುದಕ್ಕೆ ಎರಡು ದಿನ ಮುಂಚೆ ನಾನು ತವರಿಗೆ ಹೋದೆ. ಕೆ.ಆರ್. ನಗರದಿಂದ ಹೋಗುವಾಗ ನಮ್ಮ ಗದ್ದೆಯ ಹೊಸ ಅಕ್ಕಿ ಒಂದು ಚೀಲ, ಚಟ್ನಿಪುಡಿ, ಉಪ್ಪಿನಕಾಯಿ, ಹುರಿಗಾಳು ಎಲ್ಲ ಹೊತ್ತುಕೊಂಡು ಹೋಗಿದ್ದೆ. ತಂಗಿ ಏಜೆಂಟ್ ಕೊಟ್ಟಿದ್ದ ಒಂದು ಹಾಳೆ ತಂದು ಓದಿದಳು. ಕಾಳು ಒಯ್ಯುವಂತಿಲ್ಲ, ಬೀಜ ಒಯ್ಯುವಂತಿಲ್ಲ, ಗಿಡದ ಬೇರು, ತೊಗಟೆ, ಹಣ್ಣು, ಹಾಲಿನ ಪದಾರ್ಥ ಯಾವುದೂ ಕೂಡದು.

“ಎಂಥ ದೇಸ್ವೇ ಅದು, ಉಪ್ಪಿನಕಾಯ್ಗೆ ಎದುರ್ಕತದಲ್ಲ,” ಎಂದೆ.

“ನಗಾಡ್ಬ್ಯಾಡ ಕಣಕ್ಕ. ಅವ್ರ್ ಬೆಳೆಗೆ ಉಳ ಗಿಳ ಬಂದ್ಬುಟ್ರೆ ಅಂತ. ಸುಳ್ ಯೋಳಿ ಸಿಕ್ಕಾಕಂಡ್ರೆ ಅಲ್ಲಿಂದಲೇ ವಾಪಸ್ ಅಟ್ತಾರಂತೆ.”

ಹೇಳಿದ್ದಳು. ಇದೇ ಮಾತಿನಲ್ಲಿ ಹೇಳಿದ್ದಳು. ನನ್ನ ಕಿವಿ ನೆಟ್ಟಗಿತ್ತು, ಕೇಳಿಸಿಕೊಂಡೆ. ತಿಳಿಯದೆ ಮಾಡಿದೆ ಎನ್ನಲು ನನಗೆ ಅಷ್ಟು ಜಾಗವೂ ಇಲ್ಲ.

ಹೊರಡುವ ದಿನ ಬೆಳಿಗ್ಗೆ ಅವಳು ಸೂಟ್‌ಕೇಸ್ ತುಂಬಿಟ್ಟು, ಅಕ್ಕಪಕ್ಕದ ಮನೆಗಳಿಗೆ ಹೇಳಿಬರಲು ಹೋದಳು. ನಾನು ಒಬ್ಬಳೇ ಮನೆಯಲ್ಲಿ. ಅಡುಗೆಮನೆಯ ಬಾಗಿಲು ನೋಡಿದೆ. ಇಷ್ಟು ವರ್ಷ ಅದರ ಹಿಂದೆ ನಿಂತವಳು ಇವತ್ತು ಸಮುದ್ರ ದಾಟಿ ಹೋಗುತ್ತಿದ್ದಾಳೆ, ಅದೂ ಬರಿಮಡಿಲಲ್ಲಿ. ಅವ್ವ ಇಲ್ಲದ ಮೇಲೆ ಅಕ್ಕನೇ ತವರು ಎನ್ನುತ್ತಾರೆ. ನಾನು ಎಂಥ ತವರು ಎನಿಸಿತು. ಎದುರಿಗೆ ಕೂರಿಸಿ ಮಡಿಲು ತುಂಬಲು ಧೈರ್ಯ ಬರಲಿಲ್ಲ. ಅವಳನ್ನು ಕಳಿಸಿಕೊಡಲು ಹೆಂಗಸರು ಇನ್ನೇನು ಅಂಗಳಕ್ಕೆ ಬರುವವರಿದ್ದರು. ಅವರು ಏನೂ ಅನ್ನದಿದ್ದರೂ ತಂಗಿಯೇ ಹೆದರಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಹಸಿರು ರವಿಕೆ ಕಣವೊಂದನ್ನು ಹಾಸಿ ನಮ್ಮ ಗದ್ದೆಯ ಅಕ್ಕಿ ಐದು ಹಿಡಿ ಹಾಕಿದೆ. ಒಂದೊಂದು ಹಿಡಿಗೂ ಮನಸ್ಸಿನಲ್ಲಿ ಒಂದೊಂದು ಮಾತು ಹೇಳಿಕೊಂಡೆ. ತೆಂಗಿನಕಾಯಿ, ಹಿತ್ತಲಲ್ಲಿ ಬೆಳೆದ ಅರಿಶಿನದ ಕೊಂಬು, ಬೆಲ್ಲ, ಎಲೆ ಅಡಿಕೆ, ಒಂದು ಜೊತೆ ಬಳೆ ಇಟ್ಟು ಗಂಟು ಕಟ್ಟಿದೆ. ಸೂಟ್‌ಕೇಸಿನ ಒಳಪದರದ ಬಟ್ಟೆಗೆ ಒಂದು ಜಿಪ್ಪಿತ್ತು. ಅದರೊಳಗೆ, ಸ್ವೆಟರುಗಳ ಅಡಿಗೆ, ಕೈ ಹೋಗುವಷ್ಟು ಆಳಕ್ಕೆ ತುರುಕಿದೆ. ಆ ಹಾಳೆಯಲ್ಲಿ ಬರೆದದ್ದು ತಿನ್ನುವ ಅಕ್ಕಿಯ ವಿಷಯ, ಇದು ಮಡಿಲಕ್ಕಿ ಎಂದು ನನಗೆ ನಾನೇ ಹೇಳಿಕೊಂಡೆ. ಅಲ್ಲಿ ಹೋಗಿ ಬಟ್ಟೆ ತೆಗೆಯುವಾಗ ಗಂಟು ನೋಡಿ ಫೋನ್ ಮಾಡುತ್ತಾಳೆ, ಅಳುತ್ತಾಳೆ, ನಾನೂ ಅಳುತ್ತೇನೆ ಎಂದುಕೊಂಡು ಅವಳು ಬರುವಷ್ಟರಲ್ಲಿ ಒಲೆ ಮುಂದೆ ಕೂತೆ.

ಅವಳು ಹೋಗಿ ಎರಡು ದಿನ ಫೋನ್ ಇಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಹಂಪಾಪುರದಲ್ಲಿ ಬಸ್ಸಿಳಿದು, ಸೂಟ್‌ಕೇಸ್ ಎಳೆದುಕೊಂಡು ನಡೆದು ಬಂದಳಂತೆ. ಸುದ್ದಿ ತಿಳಿದು ನಾನು ಓಡಿ ಹೋದಾಗ ಅವಳು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಏನಾಯಿತೇ ಎಂದು ಕೇಳಿದರೆ, “ಪೇಪರ್ ಸರಿ ಇರ್ನಿಲ್ವಂತೆ ಬುಡಕ್ಕ,” ಎಂದಳು. ಮೂರು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ ಎಂದೂ ಹೇಳಿದಳು. ಅಷ್ಟರಲ್ಲಿ ಅವಳು ಪಾಸಾದ ಇಂಗ್ಲಿಷ್ ಪರೀಕ್ಷೆಯ ಅವಧಿ ಮುಗಿಯುತ್ತದೆ, ವಯಸ್ಸು ನಲವತ್ತು ದಾಟುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂದು ಹೆಂಗಸರು ಕಾದರು. ಕೊಳಾಯಿಯ ಹತ್ತಿರ ಮುತ್ತಿಕೊಂಡು ಕೇಳಿದರು. ಎಲ್ಲರಿಗೂ ಅದೇ ಉತ್ತರ, ಪೇಪರ್ ಸರಿ ಇರಲಿಲ್ಲ. ಮಡಿಲಕ್ಕಿಯ ವಿಷಯ ಅವಳು ಎತ್ತಲಿಲ್ಲ. ಗಂಟು ಅವಳಿಗೆ ಸಿಕ್ಕಿತೋ ಇಲ್ಲವೋ ಎಂದು ಕೇಳಲು ನನಗೂ ಬಾಯಿ ಬರಲಿಲ್ಲ. ಸಿಟ್ಟೆಲ್ಲ ಏಜೆಂಟಿನ ಮೇಲೆ ತಿರುಗಿತು.

ಅವಳಿಗೆ ಹೇಳದೆ ಒಂದು ದಿನ ಮೈಸೂರಿಗೆ ಹೋದೆ. ಏಜೆಂಟಿನ ಆಫೀಸಿನಲ್ಲಿ ಏಳೆಂಟು ಜನ ಹುಡುಗ ಹುಡುಗಿಯರು ಫೈಲ್ ಹಿಡಿದು ಕೂತಿದ್ದರು. ಅವರೆಲ್ಲರ ಎದುರಿಗೆ ಬಾಯಿಗೆ ಬಂದದ್ದು ಬೈದೆ. ನನ್ನ ತಂಗಿಯ ಬಾಳು ಹಾಳು ಮಾಡಿದಿರಿ, ಪೇಪರ್ ನೆಟ್ಟಗೆ ಮಾಡಲು ಬರದವರು ಅಂಗಡಿ ಯಾಕೆ ತೆರೆದಿರಿ ಎಂದೆಲ್ಲ. ಆ ಮನುಷ್ಯ ಜಗಳಕ್ಕೆ ಬರಲಿಲ್ಲ. ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ಕಂಪ್ಯೂಟರಿನಲ್ಲಿ ಏನನ್ನೋ ಹುಡುಕಿ ತೆಗೆದರು.

“ಪೇಪರ್ ಎಲ್ಲ ಸರಿ ಇತ್ತಮ್ಮ. ವಾಪಸ್ ಕಳಿಸಿದ್ದಕ್ಕೆ ಅವರು ಕೊಟ್ಟ ಕಾರಣ ಇದು. ನಿಮ್ಮ ತಂಗಿ ನಿಮಗೆ ಹೇಳಿಲ್ವಾ?”

ಅವರು ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುತ್ತ ಹೋದರು. ಅಲ್ಲಿ ಇಳಿಯುವ ಮುಂಚೆ ಒಂದು ಚೀಟಿ ಕೊಡುತ್ತಾರೆ. ತಿನ್ನುವ ಪದಾರ್ಥ, ಕಾಳು, ಬೀಜ ಏನಾದರೂ ತಂದಿದ್ದೀರಾ ಎಂಬುದಕ್ಕೆ ಇವಳು ಇಲ್ಲ ಎಂದು ಗುರುತು ಹಾಕಿದ್ದಾಳೆ. ಪೆಟ್ಟಿಗೆಯನ್ನು ಮಿಷನ್ನಿನಲ್ಲಿ ಹಾಯಿಸಿದಾಗ ಸಿಕ್ಕಿದ್ದು ಅಕ್ಕಿ, ಅದರಲ್ಲಿ ಸಿಪ್ಪೆ ಬಿಡದ ಭತ್ತದ ಕಾಳು, ಜೀವಂತ ಹುಳು ಒಂದು. ಹಸಿ ಅರಿಶಿನದ ಕೊಂಬು. ತೆಂಗಿನಕಾಯಿ. ಎಲೆ. ಬಚ್ಚಿಟ್ಟು ತಂದದ್ದು, ಸುಳ್ಳು ಹೇಳಿದ್ದು. ನಾನು ಮನಸ್ಸಿನಲ್ಲಿ ಒಂದೊಂದು ಮಾತು ಹೇಳಿಕೊಂಡು ಹಾಕಿದ ಹಿಡಿಗಳನ್ನು ಯಾರೋ ತೂಗಿ, ಗ್ರಾಂ ಲೆಕ್ಕದಲ್ಲಿ ಬರೆದಿದ್ದರು.

“ನನ್ನದಲ್ಲ, ಮನೆಯವರು ನನಗೆ ಗೊತ್ತಿಲ್ಲದೆ ಇಟ್ಟಿದ್ದು ಅಂದಿದ್ದರೆ ಏನಾದರೂ ಒಂದು ದಾರಿ ಇರ್ತಿತ್ತೇನೋ ಅಮ್ಮ,” ಎಂದರು ಆ ಮನುಷ್ಯ. “ಎರಡು ಸಲ ಕೇಳಿದಾರೆ. ಎರಡು ಸಲನೂ ಇವರು, ನಾನೇ ಇಟ್ಕೊಂಡೆ ಅಂದಿದಾರೆ.”

ಎದ್ದು ಬಂದೆ. ಬೈದದ್ದಕ್ಕೆ ಅವರಿಗೆ ತಪ್ಪಾಯಿತು ಎಂದೆನೋ ಇಲ್ಲವೋ ನೆನಪಿಲ್ಲ. ಕೆ.ಆರ್. ನಗರದ ಬಸ್ಸು ಹತ್ತಿ ಕಿಟಕಿಗೆ ಸೆರಗು ಅಡ್ಡ ಹಿಡಿದುಕೊಂಡು ಊರು ಬರುವವರೆಗೂ ಅತ್ತೆ. ಟಿಕೆಟ್ ಕೊಡಲು ಬಂದ ಕಂಡಕ್ಟರ್, ಯಾರಾದರೂ ಹೋಗಿಬಿಟ್ರಾ ಎಂದು ಕೇಳಿದ. ಹೂಂ ಎಂದೆ.

ಆ ದೇಶದ ಮೇಲೆ ನನಗೆ ಸಿಟ್ಟಿದೆ, ಆದರೆ ಪೂರ್ತಿ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ. ಭತ್ತ ಬೆಳೆಯುವವಳು ನಾನು. ಎಲ್ಲಿಂದಲೋ ಬಂದ ಒಂದು ಹುಳು ಗದ್ದೆಯನ್ನು ಹೇಗೆ ತಿಂದು ಹಾಕುತ್ತದೆ ಎಂದು ಕಂಡಿದ್ದೇನೆ. ಅವರ ಗದ್ದೆ ಅವರಿಗೆ. ನನಗೆ ಉರಿಯುವುದು ಬೇರೆ ಮಾತಿಗೆ. ಈಗೀಗ ಅಲ್ಲಿ ಕಾನೂನು ಇನ್ನೂ ಬಿಗಿ ಮಾಡಿದ್ದಾರಂತೆ. ಹೊರಗಿನಿಂದ ಬಂದವರು ಹೆಚ್ಚಾದರು, ಇರಲು ಮನೆಯಿಲ್ಲ, ರಸ್ತೆಯಲ್ಲಿ ಜಾಗವಿಲ್ಲ, ಭೂಮಿ ತಾಯಿಗೂ ಭಾರ ಎನ್ನುತ್ತಾರಂತೆ. ಜನಸಂಖ್ಯೆಯ ಪಾಠ ನಾನು ಕೇಳದ್ದಲ್ಲ. ನನ್ನ ಅಂಗನವಾಡಿಯ ಗೋಡೆಯ ಮೇಲೆ ಎರಡು ಮಕ್ಕಳ ಚಿತ್ರ ಬರೆಸಿದ್ದೆವು. ಮೂರನೆಯದನ್ನು ಹೊತ್ತ ಹೆಂಗಸರಿಗೆ ನಾನೇ ಎಷ್ಟೋ ಸಲ ಮುಖ ಕೆಂಪಗೆ ಮಾಡಿ ಬುದ್ಧಿ ಹೇಳಿದ್ದೇನೆ, ಅವರು ತಲೆ ತಗ್ಗಿಸಿ ಕೇಳಿದ್ದಾರೆ. ನೀವು ಹೆಚ್ಚು ಹೆರುತ್ತೀರಿ ಎಂದು ನಮಗೆ ಹೇಳಲು ಜೀಪಿನಲ್ಲಿ ಜನ ಬಂದರು. ನೀವು ಹೆಚ್ಚು ತಿನ್ನುತ್ತೀರಿ, ಹೆಚ್ಚು ಬಿಸಾಡುತ್ತೀರಿ ಎಂದು ಅಲ್ಲಿಯವರ ಮನೆಬಾಗಿಲಿಗೆ ಯಾವ ಜೀಪು ಹೋಗಿದೆ? ನನ್ನ ತಂಗಿಯೊಬ್ಬಳು ಅಲ್ಲಿ ಎಷ್ಟು ತಿನ್ನುತ್ತಿದ್ದಳು? ಎರಡು ಹೊತ್ತು ಅನ್ನ. ಅದೂ ತಟ್ಟೆಯಲ್ಲಿ ಒಂದಗುಳು ಬಿಡದಂತೆ.

ಇರಲಿ. ಅವರಿಗೆ ಬೈದರೆ ನನ್ನ ಎದೆ ಹಗುರಾಗುತ್ತದೆ ಎಂದೇ ಬೈಯುತ್ತೇನೆ. ಗಂಟು ಕಟ್ಟಿದ ಕೈ ನನ್ನದೇ ಎಂಬುದು ಬೈದು ಮುಗಿದ ಮೇಲೂ ಉಳಿದಿರುತ್ತದೆ.

ಹುಣಸೂರಿನ ನರ್ಸಿಂಗ್ ಹೋಮಿನಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದಿದ್ದರು. ಕೇಳಿದ್ದರೆ ಇನ್ನೆಲ್ಲಾದರೂ ನರ್ಸ್ ಕೆಲಸ ಸಿಗುತ್ತಿತ್ತು. ಅವಳು ಹೋಗಲಿಲ್ಲ. ವಾಪಸು ಬಂದ ನರ್ಸ್ ಎಂದು ಎಲ್ಲರೂ ಕೈ ತೋರಿಸುತ್ತಾರೆ ಎಂದಳು. ಕಬಿನಿ ಹಿನ್ನೀರಿನ ದಂಡೆಯಲ್ಲಿ ಒಂದು ರೆಸಾರ್ಟಿದೆ. ಅಲ್ಲಿ ರೂಮು ಒಪ್ಪ ಮಾಡುವ ಕೆಲಸಕ್ಕೆ ಸೇರಿದಳು. ನಮ್ಮ ಅಜ್ಜಿ ಹುಟ್ಟಿದ ಊರು ಆ ನೀರಿನೊಳಗಿದೆ. ಅದರ ದಡದಲ್ಲಿ ಈಗ ಹುಲಿ, ಆನೆ ನೋಡಲು ಬಂದವರು ಕಾಲು ಚಾಚಿ ಮಲಗುವ ಕುರ್ಚಿಗಳಿವೆ. ದಿನಾ ಹಾಸಿಗೆಯ ಬಿಳಿ ಬಟ್ಟೆ ಬದಲಿಸಿ, ಬಚ್ಚಲು ಉಜ್ಜಿ, ರೂಮಿಗೆ ತರಿಸಿಕೊಂಡು ಬಿಟ್ಟ ಊಟದ ತಟ್ಟೆಗಳನ್ನು ಎತ್ತುವುದು ಅವಳ ಪಾಲಿಗೆ ಬಂತು. ಬಿಟ್ಟದ್ದನ್ನು ಯಾರೂ ಮನೆಗೆ ಒಯ್ಯುವಂತಿಲ್ಲ, ಗುಂಡಿಗೆ ಸುರಿಯಬೇಕು. ಮೊದಲ ತಿಂಗಳು ಅವಳಿಗೆ ಅದೇ ಕಷ್ಟವಾಗಿತ್ತು. ಈಗ ಕಣ್ಣು ಮುಚ್ಚಿಕೊಂಡು ಸುರಿಯುತ್ತೇನೆ ಎನ್ನುತ್ತಾಳೆ.

ಹೀಗೆ ಎರಡು ವರ್ಷ ಕಳೆಯಿತು. ನಾನು ತವರಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಅಡುಗೆ ಮಾಡುತ್ತಿದ್ದೆವು, ಟಿ.ವಿ. ನೋಡುತ್ತಿದ್ದೆವು, ಅವ್ವನ ವಿಷಯ ಮಾತಾಡುತ್ತಿದ್ದೆವು. ಆ ನಾಲ್ಕು ದಿನದ ಹತ್ತಿರಕ್ಕೆ ಮಾತು ಬಂದರೆ ಇಬ್ಬರಲ್ಲೊಬ್ಬರು ಎದ್ದು ಹೋಗುತ್ತಿದ್ದೆವು.

ಮೊನ್ನೆ ಬೇಸಿಗೆಯಲ್ಲಿ ಹೋಗಿದ್ದಾಗ ಹಿತ್ತಲ ಕಲ್ಲಿನ ಮೇಲೆ ಅವಳು ಕೆಲಸದ ಬಟ್ಟೆ ಒಗೆಯುತ್ತಿದ್ದಳು. ನಾನು ಅವರೆಕಾಳು ಆರಿಸುತ್ತ ಕೂತಿದ್ದೆ. ಮಧ್ಯಾಹ್ನದ ಪಾಳಿಗೆ ಕರೆದೊಯ್ಯಲು ರೆಸಾರ್ಟಿನ ವ್ಯಾನು ಬರಲು ಇನ್ನೂ ಹೊತ್ತಿತ್ತು. ಹಿಂದಿನ ವಾರದ ಒಂದು ಕತೆಯನ್ನು ನಗುತ್ತ ಹೇಳಿದಳು. ಆ ಊರಿನಿಂದಲೇ ಬಂದಿದ್ದ ಮುದಿ ಗಂಡ ಹೆಂಡತಿ. ಹೆಂಗಸು ಬಚ್ಚಲಲ್ಲಿ ಜಾರಿ ಬಿದ್ದಳಂತೆ. ರೂಮು ಒಪ್ಪ ಮಾಡಲು ಹೋಗಿದ್ದ ಇವಳು ಹೇಗೆ ಹಿಡಿಯಬೇಕೋ ಹಾಗೆ ಹಿಡಿದು ಎತ್ತಿ, ಮೂಳೆ ಮುಟ್ಟಿ ನೋಡಿ, ಗಾಯ ತೊಳೆದು ಪಟ್ಟಿ ಕಟ್ಟಿದ್ದಾಳೆ. ಆ ಮುದುಕಿ ಇವಳ ಕೈ ಹಿಡಿದುಕೊಂಡು ಬಿಡಲಿಲ್ಲವಂತೆ.

“ನಮ್ ದೇಸದಲ್ಲಿ ಮುದುಕ್ರನ್ನ ನೋಡ್ಕಳಕ್ಕೆ ನಿನ್ನಂಥೋರು ಸಿಕ್ಕಕಿಲ್ಲ, ನೀನ್ಯಾಕ್ ಬರ್ಬಾರ್ದು ಅಂದ್ಲು ಕಣಕ್ಕ. ಅವಳ್ ಗಂಡ ಫೋನ್ ನೋಡ್ಕಂಡ್ ಕೂತಿದ್ದ. ಈಗ್ಲೇ ಬಂದಿರೋರು ಜಾಸ್ತಿ ಆಗವ್ರೆ, ಇನ್ನೂ ಯಾಕ್ ಕರೀತೀಯ ಅಂದ. ನಂಗೆ ಅಷ್ಟ್ ಇಂಗ್ಲಿಸ್ ಬರಕಿಲ್ಲ ಅಂದ್ಕಂಡಿದ್ದ ಅವ್ನು.”

“ನೀನೇನಂದೆ?”

“ಏನಂದೇನು. ತಟ್ಟೆ ಎತ್ಕಂಡ್ ಬಂದೆ. ಒಂದಿಡೀ ಪರಂಗಿಹಣ್ಣು ಕುಯ್ಸಿ ಒಂದ್ ಓಳೂ ಮುಟ್ಟಿರ್ನಿಲ್ಲ.”

ಅವಳು ನಗುತ್ತಲೇ ಇದ್ದಳು. ನನಗೆ ತಡೆಯಲಿಲ್ಲ. ಎರಡು ವರ್ಷದಿಂದ ಹೇಳದ್ದನ್ನು ಹೇಳಿಬಿಟ್ಟೆ.

“ಆ ಅಕ್ಕಿ ಇಟ್ಟೋಳು ನಾನು ಕಣೆ.”

“ಗೊತ್ತು,” ಎಂದಳು. ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ.

“ಏಜೆಂಟ್ ತಾವ್ಕೆ ಓಗಿದ್ದೆ. ಎಲ್ಲಾನೂ ಓದಿ ಯೋಳುದ್ರು.”

“ಅದೂ ಗೊತ್ತು. ಅವತ್ತೇ ಫೋನ್ ಮಾಡಿದ್ರು.”

ಅಂದರೆ ಇಷ್ಟು ದಿನ ನನಗೆ ಗೊತ್ತಿರುವುದು ಅವಳಿಗೂ ಗೊತ್ತಿತ್ತು. ಅವರೆಕಾಳಿನ ಮೊರವನ್ನು ಕೆಳಗಿಟ್ಟೆ. ನಾನೇ ಇಟ್ಟುಕೊಂಡೆ ಎಂದು ಯಾಕೆ ಹೇಳಿದೆ, ಅಕ್ಕ ಇಟ್ಟಳು ಎಂದಿದ್ದರೆ ಬಿಡುತ್ತಿದ್ದರಲ್ಲ ಎಂದು ಕೇಳಿದೆ. ಅವಳು ಹಿಂಡಿದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಕಲ್ಲಿನ ಮೇಲೆ ಕೂತು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು.

“ಒಂದ್ ಮೇಜಿನ ಮೇಲೆ ಬಿಳೀ ಪೇಪರ್ ಆಸಿದ್ರು ಕಣಕ್ಕ. ನಂಗಿಂತ ಚಿಕ್ ಉಡ್ಗಿ, ಕೈಗೆ ಗ್ಲೌಸ್ ಆಕಂಡು ಗಂಟ್ ಬಿಚ್ಚುದ್ಲು. ರವ್ಕೆ ಕಣ ನೋಡ್ತಿದ್ದಂಗೆ ಗೊತ್ತಾಯ್ತು. ಆಮ್ಯಾಕೆ ಬಳೆ. ಕುರ್ಚಿ ಇಡ್ಕಂಡೆ. ಅವ್ಳು ಮರ್ವಾದೆಯಿಂದ್ಲೇ ಕೇಳುದ್ಲು, ಇದು ನಿಮ್ದಾ, ಬೇರೆ ಯಾರಾರ ಇಟ್ರಾ ಅಂತ.”

ಕಲ್ಲಿನ ಮೇಲೆ ಉಳಿದಿದ್ದ ಸೋಪನ್ನು ಎತ್ತಿಟ್ಟಳು. ಬಕೆಟ್ಟಿನ ಕಡೆ ನೋಡುತ್ತ ಮತ್ತೆ ಮಾತಾಡಿದಳು.

“ಬೇರೆಯೋರು ಇಟ್ರು ಅಂದ್ರೆ ನಂದಲ್ಲ ಅಂದಂಗಲ್ವಾ. ಅಷ್ಟ್ ವರ್ಸಕ್ಕೆ ಒಂದೇ ಒಂದ್ಸಲ ನಂಗೂ ಮಡ್ಲು ತುಂಬವ್ರೆ. ಅದುನ್ನ ನಂದಲ್ಲ ಅಂತ ಎಂಗಂದೇನು? ನಂದೇ, ನಾನೇ ಇಟ್ಕಂಡೆ ಅಂದ್ಬುಟ್ಟೆ. ಅವ್ಳು ಒಂದೊಂದೇ ಎತ್ತಿ ಡಬ್ಬಕ್ಕೆ ಆಕುದ್ಲು. ನಾನ್ ನೋಡ್ತಾ ನಿಂತಿದ್ದೆ.”

ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ. ಎದ್ದು ಹೋಗಿ ಅವಳ ಕಾಲ ಹತ್ತಿರ ಕೂತೆ. ಎರಡು ವರ್ಷದಿಂದ ಯೋಚಿಸಿಟ್ಟುಕೊಂಡ ಮಾತು ಬಾಯಿಯ ತುದಿಗೆ ಬಂದಿತ್ತು. ಅವಳಿಗೆ ಅದು ಕಂಡಿರಬೇಕು. ನನ್ನ ಭುಜದ ಮೇಲೆ ಕೈ ಇಟ್ಟು, ನರ್ಸುಗಳು ರೋಗಿಗೆ ಹೇಳುವ ದನಿಯ ಹಾಗೆ ಮೆಲ್ಲಗೆ ಹೇಳಿದಳು.

“ನಂಗ್ ಮಡ್ಲು ತುಂಬ್ದೋಳು ಈ ಪರ್ಪಂಚದಲ್ಲಿ ನೀನೊಬ್ಳೆ. ಅದು ಸಾಯೋಗಂಟ ನೆಪ್ಪಿರ್ತದೆ. ಆದ್ರೆ ಕ್ಸಮ್ಸು ಅಂತ ಮಾತ್ರ ಕೇಳ್ಬ್ಯಾಡ ಕಣಕ್ಕ. ನೀನ್ ಕೇಳುದ್ರೆ ನಾನು ಊ ಅಂದ್ಬುಡ್ತೀನಿ. ಅದು ಸುಳ್ಳಾಯ್ತದೆ.”

ರಸ್ತೆಯಲ್ಲಿ ವ್ಯಾನಿನ ಹಾರ್ನ್ ಕೇಳಿತು. ಅವಳು ಎದ್ದು, ಒಳಗೆ ಹೋಗಿ ಬೇರೆ ಬಟ್ಟೆ ಹಾಕಿಕೊಂಡು, ಬತ್ತೀನಿ ಎಂದು ಹೇಳಿ ಹೊರಟಳು. ಬಕೆಟ್ಟಿನಲ್ಲಿದ್ದ ಬಟ್ಟೆಯನ್ನು ನಾನು ಒಣಗಹಾಕಿದೆ.

ನಾನು ಕೇಳಿಲ್ಲ.